ಟ್ರೇಲರ್ ಕಟ್ಕೊಂಡು ಘಟ್ಟ ಇಳಿಯೋ ಮುಂಚೆ: ಎಲ್ರೂ ಕೇಳೋ ಪ್ರಶ್ನೆಗಳು

ಡಿಸೆಂಬರ್ ರಜೆಲಿ ನಾವು ಐದು ಜನ, ನಾನು, ಹೆಂಡ್ತಿ, ಮಗಳು, ಮಗ, ಜೊತೆಗೆ ನಮ್ಮ ಆಯಿ (ಅಮ್ಮ), ಶಿರಸಿಯಿಂದ ಕಾರವಾರದ ತನಕ ಬೊಲೆರೋ ಹಿಂದೆ ಮಲಗೋ ಟ್ರೇಲರ್ ಕಟ್ಕೊಂಡು ಹೋಗಿ ನಾಲ್ಕು ರಾತ್ರಿ ಕಳ್ದು ಬಂದ್ವಿ. ಅವತ್ತಿಂದ ಮದುವೆ ಮನೆಗೆ ಹೋದ್ರೂ ಅದೇ, ಅಡಿಕೆ ಸೊಸೈಟಿಗೆ ಹೋದ್ರೂ ಅದೇ, ಊಟದ ಪಂಕ್ತಿಲಿ ಪಕ್ಕದವ್ರು ಪಾಯಸ ಬಿಟ್ಟು ಟ್ರೇಲರ್ ವಿಷಯ ಕೇಳ್ತಾರೆ. ಒಂದ್ಸಲ ಬರ್ದಿಟ್ರೆ ನನ್ನ ಗಂಟಲಿಗೂ ಆರಾಮ ಅಂತ ಕೂತಿದ್ದೇನೆ.

ಟ್ರೇಲರ್ ಅಂದ್ರೆ ಎಂತ? ಕ್ಯಾರವಾನ್ ಬಸ್ಸಾ?

ಅಲ್ಲ ಮಾರಾಯ್ರೆ. ಬಸ್ಸಿನ ತರದ್ದಕ್ಕೆ ಅದರದ್ದೇ ಇಂಜಿನ್ ಇರ್ತದೆ, ಇದಕ್ಕೆ ಇಂಜಿನ್ ಇಲ್ಲ. ಎರಡು ಚಕ್ರದ ಮೇಲೆ ಒಂದು ಸಣ್ಣ ರೂಮು, ಒಳಗೆ ಹಾಸಿಗೆ, ಹಿಂದಿನ ಬಾಗಿಲು ಎತ್ತಿದ್ರೆ ಅಡುಗೆ ಕಟ್ಟೆ, ಮುಂದೆ ಒಂದು ಕಬ್ಬಿಣದ ಮೂತಿ. ಆ ಮೂತೀನ ಜೀಪಿನ ಹಿಂದಿನ ಚೆಂಡಿನಂತ ಗುಂಡಿಗೆ, ಅಂದ್ರೆ ಹಿಚ್ ಬಾಲ್‌ಗೆ, ಸಿಕ್ಸಿ ಎಳ್ಕೊಂಡು ಹೋಗುದು. ಲಾಭ ಎಂತ ಅಂದ್ರೆ ಒಂದು ಕಡೆ ಬಿಚ್ಚಿಟ್ಟು ಬರೀ ಜೀಪ್ ತಗೊಂಡು ಊರು ಸುತ್ತಬಹುದು. ನಮ್ಮದು ಬೆಳಗಾವಿ ಕಡೆಯಿಂದ ತಂದ ಸೆಕೆಂಡ್ ಹ್ಯಾಂಡ್.

ಕಾಗದ ಪತ್ರ ಎಲ್ಲಾ ಬೇಕಾ? ಅದೆಂತ ಗಾಡಿನಾ?

ಬೇಕು. 1988ರ ಮೋಟಾರು ವಾಹನ ಕಾಯ್ದೆಲಿ ಮೋಟಾರು ವಾಹನ ಅನ್ನೋ ಶಬ್ದದ ಒಳಗೇ ಟ್ರೇಲರ್ ಕೂಡ ಬರ್ತದೆ, ಹಾಗಾಗಿ ಅದಕ್ಕೆ ಬೇರೆ ರಿಜಿಸ್ಟ್ರೇಷನ್, ಬೇರೆ ನಂಬರ್ ಪ್ಲೇಟ್. ಇನ್ಶೂರೆನ್ಸ್ ಕಂಪನಿಗೂ ಗಾಡಿಗೆ ಹಿಚ್ ಹಾಕ್ಸಿದ್ದೇನೆ ಅಂತ ಬರ್ದು ತಿಳ್ಸಿಬಿಡಿ, ಬಾಯಲ್ಲಿ ಹೇಳಿದ್ದು ಕ್ಲೇಮ್ ಟೈಮಲ್ಲಿ ಯಾರಿಗೂ ನೆನಪಿರುದಿಲ್ಲ. ಬ್ರೇಕ್ ಲೈಟು, ಇಂಡಿಕೇಟರ್ ಟ್ರೇಲರ್ ಹಿಂದೂ ಉರೀಬೇಕು, ಅದಕ್ಕೆ ಜೀಪಿಂದ ಒಂದು ಪ್ಲಗ್ ಬರ್ತದೆ. ದಿನಾ ಬೆಳಿಗ್ಗೆ ಹೊರಡೋ ಮುಂಚೆ ಮಗನ್ನ ಹಿಂದೆ ನಿಲ್ಸಿ ಬಲ, ಎಡ, ಬ್ರೇಕು ಅಂತ ಕೂಗ್ಸಿ ಚೆಕ್ ಮಾಡ್ತಿದ್ದೆ, ಅವನಿಗೆ ಪೂರಾ ಟ್ರಿಪ್ಪಲ್ಲಿ ಅದೇ ಖುಷಿ.

ನನ್ನ ಗಾಡಿ ಎಷ್ಟು ತೂಕ ಎಳೀಬಹುದು?

ಎಲ್ರೂ ಟ್ರೇಲರ್ ಒಳಗೆ ಎಷ್ಟು ಜನ ಮಲಗಬಹುದು, ಫ್ರಿಜ್ ಉಂಟಾ, ಟೀವಿ ಉಂಟಾ ಅಂತ ಕೇಳ್ತಾರೆ, ತೂಕ ಎಷ್ಟು ಅಂತ ಯಾರೂ ಕೇಳುದಿಲ್ಲ. ಅಸಲಿಗೆ ಕೇಳಬೇಕಾದ್ದು ಅದೊಂದೇ. ಗಾಡಿ ಕಂಪನಿ ಕೊಟ್ಟ ಪುಸ್ತಕದಲ್ಲಿ ಎಷ್ಟು ಎಳೀಬಹುದು ಅಂತ ಇದ್ರೆ ಅದೇ ಕೊನೆ ಮಾತು. ಅದರ ಒಳಗೂ ಹೊರದೇಶದ ಕ್ಯಾರವಾನ್ ಜನ ಹೊಸಬರಿಗೆ ಹೇಳೋ ಒಂದು ಲೆಕ್ಕ ಉಂಟು, ಸಾಮಾನು ತುಂಬಿದ ಟ್ರೇಲರ್ ತೂಕ ಎಳೆಯೋ ಗಾಡಿಯ ತೂಕದಲ್ಲಿ ನೂರಕ್ಕೆ 85 ದಾಟಬಾರ್ದು. ನಾನಂತೂ ಅರ್ಧದ ಆಚೆ ಈಚೆ ಇದ್ರೇ ಘಟ್ಟಕ್ಕೆ ಒಳ್ಳೇದು ಅಂತೇನೆ.

ನಮಗೆ ಕೊಟ್ಟವ್ರು ಖಾಲಿ ಟ್ರೇಲರ್ 480 ಕೆಜಿ ಅಂದಿದ್ರು. ಸಾಮಾನು ತುಂಬಿ ಅಡಿಕೆ ಲಾರಿ ತೂಗೋ ವೇ ಬ್ರಿಡ್ಜಿಗೆ ಹತ್ಸಿದ್ರೆ 690! ಇಳ್ಸಿ ನೋಡಿದ್ರೆ ಆಯಿ ಅರ್ಧ ಮೂಟೆ ಅಕ್ಕಿ, ಹದಿನೈದು ತೆಂಗಿನಕಾಯಿ, ಮಿಡಿ ಉಪ್ಪಿನಕಾಯಿ ಭರಣಿ, ಸಾಲದು ಅಂತ ಸಣ್ಣ ಒರಳು ಕಲ್ಲು ಬೇರೆ ಇಟ್ಟಿದ್ರು. "ಸಮುದ್ರದ ಬದಿಗೆ ಕಾಯಿ ಸಿಗ್ತಿಲ್ಯ ಆಯಿ?" ಅಂತ ಕೇಳಿದ್ರೆ "ಆ ಕಾಯಿಗೆ ನಮ್ಮನೆ ಕಾಯಿ ರುಚಿ ಇರ್ತಿಲ್ಲೆ" ಅಂದ್ರು. ಕಲ್ಲು ಮನೇಲಿ ಉಳೀತು, ಭರಣಿ ಬಂತು. ಅದು ಅಲ್ಲಿಗೇ ಮುಗೀಲಿಲ್ಲ, ಮುಂದೆ ಹೇಳ್ತೇನೆ.

ಟಯರ್ ಹೊಸದಾಗೇ ಕಾಣ್ತದೆ, ಸಾಕಲ್ವಾ?

ಟ್ರೇಲರ್ ಟಯರ್ ಸವೆಯೋ ಮುಂಚೆ ಮುದುಕ ಆಗ್ತದೆ, ವರ್ಷಗಟ್ಲೆ ಒಂದೇ ಕಡೆ ನಿಂತಿರ್ತದಲ್ಲ. ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರ್ತಾರೆ, 2319 ಅಂತ ಇದ್ರೆ 2019ನೇ ಇಸವಿ 23ನೇ ವಾರದ್ದು ಅಂತ ಅರ್ಥ. ಪಕ್ಕದಲ್ಲಿ ಕೂದಲೆಳೆ ಬಿರುಕು ಕಂಡ್ರೆ ಮುಲಾಜಿಲ್ದೆ ಬದಲ್ಸಿ, ಸ್ಟೆಪ್ನಿ ಸೇರಿ.

ಶಿರಸಿಯಿಂದ ಯಾವ ಘಟ್ಟ ಇಳಿಯುದು?

ಹತ್ರ ಅಂದ್ರೆ ದೇವಿಮನೆ, ಶಿರಸಿಯಿಂದ ಕುಮಟಾ 60 ಕಿಲೋಮೀಟರ್ ಆಚೀಚೆ. ಆದ್ರೆ ಆ ರಸ್ತೆ ಅಗಲ ಮಾಡೋ ಕೆಲಸ ವರ್ಷಗಟ್ಲೆ ಎಳೀತು, ನಡು ನಡು ಬಂದ್ ಕೂಡ ಮಾಡ್ತಿದ್ರು, ಮಳೆಗಾಲದಲ್ಲಿ ಧರೆ ಕುಸಿಯೋದು ಬೇರೆ. ಹೊರಡೋ ಹಿಂದಿನ ದಿನ ಬಸ್ ಸ್ಟ್ಯಾಂಡಿಗೆ ಹೋಗಿ ಕುಮಟಾ ಬಸ್ಸಿನ ಡ್ರೈವರ್ ಹತ್ರ ಒಂದು ಮಾತು ಕೇಳಿ, ಅವ್ರಿಗೆ ಗೊತ್ತಿರೋಷ್ಟು ಯಾವ ಮ್ಯಾಪಿಗೂ ಗೊತ್ತಿರುದಿಲ್ಲ.

ನಾವು ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಟ್ಟ ಇಳಿದ್ವಿ. ಸುತ್ತು ಹೌದು, ಹೆಚ್ಚುಕಮ್ಮಿ ಡಬಲ್ ದೂರ, ಆದ್ರೆ ಅದು ಹುಬ್ಬಳ್ಳಿ ಅಂಕೋಲಾ ಹೈವೇ, ದೊಡ್ಡ ದೊಡ್ಡ ಲಾರಿಗಳೇ ಓಡೋ ರಸ್ತೆ, ತಿರುವಲ್ಲಿ ನಮ್ಮ ಟ್ರೇಲರ್ ಬಾಲಕ್ಕೂ ಜಾಗ ಸಿಗ್ತದೆ. ಲಾರಿ ಭಯ ಬೇಡ, ಅವೇ ನಮಗಿಂತ ನಿಧಾನ ಇಳೀತಾವೆ, ಹಿಂದೆ ಸುಮ್ನೆ ಹೋಗ್ತಾ ಇರಿ. ಮ್ಯಾಪ್ ವಡ್ಡಿ ಘಟ್ಟದಲ್ಲಿ ಹತ್ರ ಆಗ್ತದೆ ಅಂತ ತೋರ್ಸಿದ್ರೆ ಫೋನ್ ತಿರುಗ್ಸಿ ಇಡಿ. ಬರೀ ಜೀಪಲ್ಲಿ ಚಂದದ ರಸ್ತೆ ಅದು, ಟ್ರೇಲರ್ ಕಟ್ಕೊಂಡು ಎದುರು ಬಸ್ ಬಂದ್ರೆ ಹಿಂದೆ ಹೋಗೂಕೂ ಆಗದೆ ಮುಂದೆ ಹೋಗೂಕೂ ಆಗದೆ ಅಲ್ಲೇ ಮನೆ ಕಟ್ಬೇಕು.

ಘಟ್ಟ ಇಳಿಯುವಾಗ ಬ್ರೇಕ್ ಹೇಗೆ?

ಹತ್ತೂಕೆ ಯಾವ ಗೇರ್ ಬೇಕೋ ಇಳಿಯೂಕೂ ಅದೇ ಗೇರ್, ನಮ್ಮಪ್ಪ ಗೊಬ್ಬರದ ಟ್ರ್ಯಾಕ್ಟರ್ ಕಲಿಸುವಾಗ ಹೇಳಿದ್ದು, ಇಲ್ಲೂ ಅದೇ. ಇಳಿಜಾರು ಶುರು ಆಗೋ ಮುಂಚೇನೇ ಎರಡನೇ ಗೇರಿಗೆ ಹಾಕಿ ಇಂಜಿನ್ ಹಿಡ್ಕೊಳ್ಳೋ ಹಾಗೆ ಮಾಡಿ. ಬ್ರೇಕ್ ಮೇಲೆ ಕಾಲು ಇಟ್ಟೇ ಇಡಬೇಡಿ, ಸ್ಪೀಡ್ ಏರಿದಾಗ ಗಟ್ಟಿ ಒತ್ತಿ ಇಳ್ಸಿ, ಪೂರಾ ಬಿಟ್ಬಿಡಿ, ಆ ಬಿಟ್ಟ ಟೈಮಲ್ಲಿ ಡ್ರಮ್ ತಣೀತದೆ.

ನಮ್ಮ ಟ್ರೇಲರಿಗೆ ಓವರ್‌ರನ್ ಬ್ರೇಕ್ ಉಂಟು. ಅಂದ್ರೆ ಜೀಪ್ ನಿಧಾನ ಆದಾಗ ಟ್ರೇಲರ್ ಹಿಂದಿಂದ ದೂಡ್ತದಲ್ಲ, ಆ ದೂಡೋ ಬಲಕ್ಕೇ ಮೂತಿಲಿರೋ ಸರಳು ಒತ್ತಿ ಟ್ರೇಲರಿನ ಬ್ರೇಕ್ ಹಿಡೀತದೆ. ಬುದ್ಧಿವಂತ ಉಪಾಯ, ಆದ್ರೆ ಉದ್ದ ಇಳಿಜಾರಲ್ಲಿ ದೂಡ್ತಾನೇ ಇರೂದ್ರಿಂದ ಅದು ಅರೆಬರೆ ಹಿಡ್ಕೊಂಡೇ ಇದ್ದು ಕಾಯ್ತದೆ. ಅರ್ಧ ಘಟ್ಟದಲ್ಲಿ ಸುಟ್ಟ ವಾಸ್ನೆ ಬಂದು ಅಗಲ ಇದ್ದ ಕಡೆ ನಿಲ್ಸಿದ್ವಿ, ಚಕ್ರದ ನಡುಭಾಗದ ಹತ್ರ ಕೈ ತಂದ್ರೆ ದೋಸೆ ಕಾವಲಿ ಹಾಗೆ ಬಿಸಿ. ಮಗ ಬಾಟಲಿ ನೀರು ಹೊಯ್ಯೂಕೆ ಓಡಿದ, ತಡೆದೆ. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ರೆ ಸೀಳ್ತದೆ, ತಾನಾಗೇ ತಣೀಬೇಕು. ಅರ್ಧ ಗಂಟೆ ಕೂತು ಆಯಿ ಕಟ್ಟಿದ್ದ ತೆಳ್ಳವು ತಿಂದು, ಫ್ಲಾಸ್ಕಿನ ಕಷಾಯ ಕುಡ್ದು ಹೊರಟ್ವಿ. ಘಟ್ಟದ ಕೆಳಗಿನ ರಾಮನಗುಳಿ ಮುಟ್ಟಿದ ಮೇಲೆ ನನ್ನ ಭುಜ ಇಳೀತು.

ತಿರುವಲ್ಲಿ ಇನ್ನೊಂದು, ಟ್ರೇಲರ್ ಚಕ್ರ ಯಾವಾಗ್ಲೂ ಜೀಪಿನ ಚಕ್ರಕ್ಕಿಂತ ಒಳಗಿಂದ ಕತ್ತರ್ಸಿ ಬರ್ತದೆ. ಎಡ ತಿರುವಲ್ಲಿ ಜೀಪನ್ನ ಸ್ವಲ್ಪ ಬಲಕ್ಕೆ ಇಟ್ಕೊಳ್ಳದಿದ್ರೆ ಹಿಂದಿನ ಚಕ್ರ ಗಟಾರಕ್ಕೆ.

ಹೈವೇಲಿ ಟ್ರೇಲರ್ ಓಲಾಡ್ತದೆ ಅಂತಾರೆ, ಹೌದಾ?

ಹೌದು, ಓಲಾಡ್ತು, ಮತ್ತೆ ತಪ್ಪು ಪೂರಾ ನಂದೇ.

ಮೊದಲನೇ ದಿನ ಘಟ್ಟದಲ್ಲಿ ಓಲಾಟ ಎಂತದೂ ಆಗ್ಲಿಲ್ಲ. ರಾತ್ರಿ ಅಂಕೋಲಾ ಹತ್ರ ಷಡ್ಡಕನ ಮನೆ ಅಂಗಳದಲ್ಲಿ ನಿಂತ್ವಿ, ಬೆಳಿಗ್ಗೆ ಅವ್ರು ಪ್ರೀತಿಯಿಂದ ಬಾವಿ ನೀರು ಸೇದಿ ಟ್ರೇಲರಿನ 60 ಲೀಟರ್ ಟ್ಯಾಂಕ್ ತುಂಬ್ಸಿ, ಮೇಲಿಂದ ಒಂದು 20 ಲೀಟರ್ ಕ್ಯಾನ್ ಹಿಂದಿನ ಅಡುಗೆ ಕಟ್ಟೆ ಕೆಳಗೆ ಇಟ್ರು. ಅಲ್ಲೇ ಭರಣೀನೂ ಇತ್ತು. ಕಾರವಾರದ ಕಡೆ ನಾಲ್ಕು ಲೇನಿನ ರಸ್ತೆ, ಖಾಲಿ, ನಾನು ಆರಾಮಾಗಿ 75ಕ್ಕೆ ಏರ್ಸಿದೆ, ಒಂದು ಕಂಟೇನರ್ ಲಾರಿ ಪಕ್ಕದಿಂದ ಹಾಯ್ದು ಹೋಗಿದ್ದೇ ಗಾಳಿಗೆ ಟ್ರೇಲರ್ ಬಾಲ ಎಡಕ್ಕೆ ಹೋಯ್ತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ, ಪ್ರತಿ ಸಲ ಮೊದಲಿಗಿಂತ ಜಾಸ್ತಿ, ಜೀಪಿನ ಹಿಂಬದೀನೇ ಎತ್ಕೊಂಡು ಹೋಗೋ ಹಾಗೆ. ನಾನು ಹೆದ್ರಿ ಬ್ರೇಕ್ ಒತ್ತಿದೆ, ಅದು ಇನ್ನೂ ಕೆಟ್ಟದಾಯ್ತು. ಹೆಂಡ್ತಿ "ಕಾಲ್ ತೆಗೀರಿ, ಕಾಲ್ ತೆಗೀರಿ" ಅಂತ ಕಿರುಚಿದ್ಲು, ಎರಡೂ ಪೆಡಲಿಂದ ಕಾಲು ತೆಗೆದು ಸ್ಟೇರಿಂಗ್ ನೇರ ಹಿಡ್ದೆ, ತಾನಾಗೇ ಸ್ಪೀಡ್ ಇಳಿದು ಸುಧಾರ್ಸ್ತು. ಮಾಡಬೇಕಾದ್ದು ಅಷ್ಟೇ. ಬ್ರೇಕ್ ಒತ್ತಬಾರ್ದು, ಓಲಾಟಕ್ಕೆ ಎದುರಾಗಿ ಸ್ಟೇರಿಂಗ್ ತಿರುಗಿಸಬಾರ್ದು, ಎಕ್ಸಲರೇಟರ್ ಬಿಟ್ಟು ನೇರ ಹಿಡ್ಕೊಳ್ಳುದು. ಹಿಂದಿನ ಸೀಟಿಂದ ಆಯಿ, ಅಷ್ಟೊತ್ತಿಗೆ ನಿದ್ದೆಯಿಂದ ಎದ್ದವ್ರು, "ಎಂತ ಆತೋ ತಮಾ?" ಅಂದ್ರು. ಎಂತ ಆಜಿಲ್ಲೆ ಅಂದೆ. ಕೈ ನಡುಗ್ತಿತ್ತು.

ಕಾರಣ ಆಮೇಲೆ ಗೊತ್ತಾಯ್ತು. ಟ್ರೇಲರ್ ಮೂತಿ ಹಿಚ್ ಮೇಲೆ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಭಾರ ಬಿಡಬೇಕು. ನೀರೆಲ್ಲಾ ಚಕ್ರದ ಹಿಂದೆ ಸೇರಿದ್ರೆ ತಕ್ಕಡಿ ಹಾಗೆ ಮೂತಿ ಮೇಲೆ ಏಳ್ತದೆ, ಹಿಡಿತ ಹೋಗ್ತದೆ. ಕಾರವಾರದ ಹತ್ರ ಮಾಜಾಳಿಲಿ ನಾವು ನಿಂತ ಮನೇಲಿ ಬಾತ್‌ರೂಮ್ ತೂಕದ ಮಶೀನ್ ಇತ್ತು, ಅದರ ಮೇಲೆ ಹಿಚ್ ಎತ್ತರಕ್ಕೆ ಸರಿಯಾಗಿ ಮರದ ತುಂಡು ನಿಲ್ಸಿ ಮೂತಿ ಇಟ್ಟು ನೋಡಿದ್ರೆ 34 ಕೆಜಿ! ಕ್ಯಾನ್ ಖಾಲಿ ಮಾಡಿ, ಟ್ಯಾಂಕ್ ಅರ್ಧ ಇಳ್ಸಿ, ಅಕ್ಕಿ, ಭರಣಿ, ಟೂಲ್ ಬಾಕ್ಸ್ ಎಲ್ಲಾ ಚಕ್ರದ ಮುಂದಿನ ಭಾಗಕ್ಕೆ ದಾಟ್ಸಿದ ಮೇಲೆ 76 ಬಂತು. ವಾಪಸ್ ಬರುವಾಗ ಅದೇ ರಸ್ತೆ, ಅಂತದೇ ಲಾರಿ, ಟ್ರೇಲರ್ ಅಲ್ಲಾಡ್ಲೇ ಇಲ್ಲ. ಆದ್ರೂ 60 ದಾಟ್ಲಿಲ್ಲ ನಾನು. ಸಾಮಾನು ಒಂದೇ ಒಂದು ಆಚೀಚೆ ಆದ್ರೂ ಮೂತಿ ಭಾರ ಮತ್ತೆ ನೋಡಿ, ನೀರು ತುಂಬಿದ್ರಂತೂ ಕಡ್ಡಾಯ.

ರಿವರ್ಸ್ ತೆಗಿಯೂಕೆ ಬರುದಿಲ್ಲ, ಎಂತ ಮಾಡುದು?

ಯಾರಿಗೂ ಬರುದಿಲ್ಲ. ಸ್ಟೇರಿಂಗಿನ ಕೆಳಭಾಗ ಹಿಡ್ಕೊಳ್ಳಿ, ಟ್ರೇಲರ್ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈ ಸರಿಸಿ, ಇಷ್ಟಿಷ್ಟೇ. ಓರೆ ಜಾಸ್ತಿ ಆಯ್ತು ಅಂದ್ರೆ ಮುಂದೆ ಹೋಗಿ ನೇರ ಮಾಡ್ಕೊಂಡು ಮತ್ತೆ ಶುರು ಮಾಡಿ. ಹೊರಡೋ ಮುಂಚೆ ಖಾಲಿ ಮೈದಾನದಲ್ಲಿ ಎರಡು ಭಾನುವಾರ ಕಲಿತೇ ಹೋಗಿದ್ದೆ, ಆದ್ರೂ ಷಡ್ಡಕನ ಪಾಗಾರದ ಒಂದು ಮೂಲೆ ಹೋಯ್ತು. ಅವ್ರು ಇವತ್ತಿಗೂ ಅದನ್ನ ರಿಪೇರಿ ಮಾಡ್ಸಿಲ್ಲ, ಬಂದವ್ರಿಗೆಲ್ಲ ತೋರಿಸ್ತಾರೆ.

ರಾತ್ರಿ ಎಲ್ಲಿ ನಿಲ್ಸುದು? ಬೀಚ್ ಮೇಲೆ ನಿಲ್ಸಬಹುದಾ?

ಫೋಟೋದಲ್ಲಿ ನೋಡಿದ ಹಾಗೆ ಅಲೆ ಪಕ್ಕ ಟ್ರೇಲರ್, ಅದು ಬಿಟ್ಬಿಡಿ. ಹೊಯ್ಗೆಲಿ ಒಂದು ಚಕ್ರ ಹೂತ್ರೆ ಎಳೆಯೋ ಗಾಡಿನೂ ಹೂತು ಹೋಗ್ತದೆ, ಆಮೇಲೆ ಟ್ರ್ಯಾಕ್ಟರ್ ಹುಡುಕ್ಬೇಕು, ಅಷ್ಟೊತ್ತಿಗೆ ಭರತ, ಅಂದ್ರೆ ಸಮುದ್ರದ ಉಬ್ಬರ, ಬಂದಿರ್ತದೆ. ಅರ್ಗಾ, ಬಿಣಗಾ ಕಡೆ ಹೈವೇ ಬದಿ ಸಮುದ್ರ ಚಂದ ಕಾಣ್ತದೆ ಅಂತ ನಿಲ್ಸಬೇಡಿ, ಅಲ್ಲಿ ನೌಕಾನೆಲೆ ಇರುದು.

ನಮಗೆ ಎಲ್ಲಾ ಕಡೆ ಆಗಿಬಂದಿದ್ದು ಜನರ ಅಂಗಳ. ಮೊದಲ ರಾತ್ರಿ ನೆಂಟರದ್ದು, ಮತ್ತೆ ಮೂರು ರಾತ್ರಿ ಮಾಜಾಳಿಲಿ ಒಂದು ಮನೆ ತೋಟದಲ್ಲಿ. ರೂಮ್ ಬಾಡಿಗೆ ಕೊಡೋ ಸಣ್ಣ ಮನೆಗಳ ಹತ್ರ ಮೊದಲೇ ಫೋನ್ ಮಾಡಿ ಕೇಳಿ, ಒಂದು ರೂಮ್ ತಗೊಳ್ತೇವೆ, ಅಂಗಳದಲ್ಲಿ ಟ್ರೇಲರ್ ನಿಲ್ಸೂಕೆ ಬಿಡಿ, ಬಾತ್‌ರೂಮ್ ನಮಗೂ ಆಗ್ತದೆ ಅಂತ. ಗೇಟ್ ಅಗಲ, ಮೇಲಿನ ಕರೆಂಟ್ ವಯರ್ ಎತ್ತರ ಎರಡೂ ಕೇಳಿ. ಸಂಜೆ ಐದರ ಒಳಗೆ ಮುಟ್ಟಿ, ಕತ್ತಲಲ್ಲಿ ಗೊತ್ತಿಲ್ಲದ ಅಂಗಳಕ್ಕೆ ರಿವರ್ಸ್ ಅಂದ್ರೆ ಗಂಡ ಹೆಂಡ್ತಿ ಮಾತು ಬಿಡೋ ಕೆಲಸ.

ಮತ್ತೆ ದಯವಿಟ್ಟು ತೆಂಗಿನ ಮರದ ಕೆಳಗೆ ಬೇಡ. ಕರಾವಳಿಲಿ ನೆರಳು ಅಂದ್ರೆ ಅದೇ, ಆಸೆ ಆಗ್ತದೆ. ನಮಗೆ ಕಾಯಿ ಬೀಳ್ಲಿಲ್ಲ, ರಾತ್ರಿ ಎರಡು ಗಂಟೆಗೆ ಒಣಗಿದ ಮಡ್ಲು, ಅಂದ್ರೆ ತೆಂಗಿನ ಗರಿ, ಬಿತ್ತು, ತಗಡಿನ ಮಾಡಿನ ಮೇಲೆ ಆ ಸದ್ದಿಗೆ ಮಗಳು ಪಟಾಕಿ ಅಂತ ಎದ್ಲು.

ಓಡುವಾಗ ಮಕ್ಕಳು ಟ್ರೇಲರಲ್ಲಿ ಮಲಗಬಹುದಾ?

ಇಲ್ಲ. ಐದು ನಿಮಿಷಕ್ಕೂ ಇಲ್ಲ, ಎಷ್ಟು ಹಟ ಮಾಡಿದ್ರೂ ಇಲ್ಲ.

ಅಡುಗೆ, ಗ್ಯಾಸ್?

5 ಕೆಜಿ ಸಿಲಿಂಡರ್ ಸಾಕು, ಐದು ಜನಕ್ಕೆ ನಾಲ್ಕು ದಿನ ಮಾಡಿ ಮಿಕ್ತು. ಓಡುವಾಗ ಕೀಲಿ ಬಂದ್ ಮಾಡಿ ರೆಗ್ಯುಲೇಟರ್ ಬಿಚ್ಚಿಡಿ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರೆ ನೆಲಮಟ್ಟದಲ್ಲಿ ತುಂಬ್ತದೆ, ಹಾಸಿಗೆ ಇರೋ ಕಡೆ. ಹಾಗಾಗಿ ಅಡುಗೆ ಹೊರಗೇ. ಬೆಳಿಗ್ಗೆ ಅವಲಕ್ಕಿ, ರಾತ್ರಿ ಅನ್ನ ತಂಬುಳಿ, ಮಧ್ಯಾಹ್ನ ಹೋಟೆಲ್ ಅಂತ ಇಟ್ಕೊಂಡ್ರೆ ಟ್ರಿಪ್ ಅನ್ನಿಸ್ತದೆ, ಮೂರು ಹೊತ್ತೂ ಬೇಯಿಸ್ತಾ ಕೂತ್ರೆ ಹೆಂಡ್ತಿಗೆ ಮನೆ ಬದಲಾಯ್ತು ಅಷ್ಟೇ, ರಜೆ ಎಲ್ಲಿ ಬಂತು. ಮೀನು ತಿನ್ನೋರಿಗೆ ಕಾರವಾರದಲ್ಲಿ ನಾನು ಹೇಳಬೇಕಾದ್ದಿಲ್ಲ. ಮಾರ್ಚ್ ಏಪ್ರಿಲಲ್ಲಿ ಹೋಗೋರು ಕುಮಟಾ ಹತ್ರ ಹೈವೇ ಬದಿ ಗೊಂಚಲು ಕಟ್ಟಿ ನೇತಾಕಿರೋ ಸಿಹಿ ಈರುಳ್ಳಿ ತನ್ನಿ, ಟ್ರೇಲರಲ್ಲಿ ಜಾಗ ಹೇಗೂ ಉಂಟಲ್ಲ. ಚಕ್ರದ ಮುಂದೆ ಇಡಿ!

ಸಂಡಾಸಿಗೆ?

ಇದನ್ನ ಎಲ್ರೂ ಕೊನೆಗೆ ಸಣ್ಣ ದನಿಲಿ ಕೇಳುದು. ಟ್ರೇಲರಲ್ಲಿ ಪೆಟ್ಟಿಗೆ ತರದ್ದು ಒಂದುಂಟು, ಕೆಳಗೆ 20 ಲೀಟರ್ ಟ್ಯಾಂಕು, ರಾತ್ರಿ ಅರ್ಜೆಂಟಿಗೆ ಮಾತ್ರ ಅಂತ ನಿಯಮ ಮಾಡಿದ್ವಿ. ಹಗಲು ಆ ಮನೆ ಬಾತ್‌ರೂಮು. ಟ್ಯಾಂಕ್ ಖಾಲಿ ಮಾಡುದು ಸಂಡಾಸಿಗೇ, ಮನೆಯವ್ರನ್ನ ಕೇಳಿ. ಬೀಚಿಗೆ, ಹೊಳೆಗೆ ಚೆಲ್ಲೋರು ಮನೇಲೇ ಇರೂದು ಒಳ್ಳೇದು. ಪಾತ್ರೆ ತೊಳೆದ ನೀರನ್ನ ಬಕೆಟಲ್ಲಿ ಹಿಡ್ದು ತೆಂಗಿನ ಬುಡಕ್ಕೆ ಹಾಕಿ. ಕುಡಿಯೋ ನೀರು ಸಮುದ್ರದ ತೀರಾ ಹತ್ರದ ಬಾವಿಯದ್ದಾದ್ರೆ ತುಂಬೋ ಮುಂಚೆ ಬಾಯಿಗೆ ಹಾಕಿ ನೋಡಿ, ಬೇಸಿಗೇಲಿ ಸವಳು ಬರ್ತದೆ.

ಎಸಿ ಉಂಟಾ?

ಇಲ್ಲ, ಬ್ಯಾಟರಿ ಮೇಲೆ ಎಸಿ ಆಸೆ ಬೇಡ. ನಮ್ಮ ಲೆಕ್ಕ ಹೇಳ್ತೇನೆ. 12 ವೋಲ್ಟಿನ 100 ಆಂಪಿಯರ್ ಅವರ್ ಬ್ಯಾಟರಿ ಅಂದ್ರೆ 1,200 ವ್ಯಾಟ್ ಅವರ್, ಮಾಮೂಲಿ ಲೆಡ್ ಬ್ಯಾಟರಿ ಆದ್ರಿಂದ ಅರ್ಧ ಮಾತ್ರ ಬಳಸಬೇಕು, ಇಲ್ಲಾಂದ್ರೆ ಬೇಗ ಸಾಯ್ತದೆ, ಸೋ 600. ಎರಡು ಸಣ್ಣ ಫ್ಯಾನ್ 25 ವ್ಯಾಟಿನವು ರಾತ್ರಿ ಒಂಬತ್ತು ಗಂಟೆ ಓಡಿದ್ರೆ 450, ಲೈಟು ಫೋನು ಸೇರಿ ಒಂದು ನೂರು. ಮುಗೀತು. ಹಗಲು ಅಂಗಳದ ಪ್ಲಗ್ಗಿಂದ ಚಾರ್ಜ್, ಕರೆಂಟಿಗೆ ಅಂತ ದುಡ್ಡು ಬೇರೆ ಕೊಡಿ, ಅವ್ರು ಬೇಡ ಅಂದ್ರೂ ಕೊಡಿ. ಡಿಸೆಂಬರಲ್ಲಿ ಫ್ಯಾನ್ ಸಾಕಾಯ್ತು. ಸೊಳ್ಳೆಪರದೆ ಮರೀಬೇಡಿ.

ಮಳೆಗಾಲದಲ್ಲಿ ಹೋದ್ರೆ ಹೇಗೆ? ಹಸಿರು ಇರ್ತದಲ್ಲ.

ಹಸಿರು ಇರ್ತದೆ, ಗುಡ್ಡವೂ ಇಳೀತದೆ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೈವೇ ಬದಿ ಇದ್ದವ್ರ ಜೀವ ಹೋಯ್ತು, ಗಂಗಾವಳಿಲಿ ವಾರಗಟ್ಲೆ ಹುಡುಕಿದ್ರು. ಅದೇ ವರ್ಷ ಆಗಸ್ಟ್ 7ರ ನಸುಕಿಗೆ ಕಾರವಾರದ ಕಾಳಿ ನದಿ ಹಳೇ ಸೇತುವೆ ಬಿತ್ತು. ಟ್ರೇಲರ್ ಕಟ್ಕೊಂಡವ್ನಿಗೆ ತಟ್ಟನೆ ತಿರುಗ್ಸಿ ವಾಪಸ್ ಹೋಗೂಕೆ ಆಗುದಿಲ್ಲ, ಅದು ನೆನಪಿಟ್ಕೊಳ್ಳಿ. ಜೂನಿಂದ ಸೆಪ್ಟೆಂಬರ್ ಬೇಡವೇ ಬೇಡ. ನವೆಂಬರಿಂದ ಫೆಬ್ರವರಿ ಸರಿ, ಯಕ್ಷಗಾನದ ಸೀಸನ್ನೂ ಆಗ ಶುರು ಆಗಿರ್ತದೆ, ರಾತ್ರಿ ದೂರದಿಂದ ಚಂಡೆ ಕೇಳ್ಕೊಂಡು ಮಲಗಿದ್ದು ಮಕ್ಕಳಿಗೆ ಬೀಚಿಗಿಂತ ಜಾಸ್ತಿ ನೆನಪುಂಟು.

ಗೋಕರ್ಣ, ಮುರ್ಡೇಶ್ವರಕ್ಕೆಲ್ಲಾ ಟ್ರೇಲರ್ ತಗೊಂಡೇ ಹೋಗಬಹುದಾ?

ಗೋಕರ್ಣದ ರಥಬೀದಿ ಕಡೆ ಟ್ರೇಲರ್ ತಂದವ್ನು ದೇವರಿಗಿಂತ ಮೊದಲು ಊರವ್ರ ಕೈಲಿ ಮಂಗಳಾರತಿ ಮಾಡಿಸ್ಕೊಳ್ತಾನೆ. ಅಂಗಳದಲ್ಲಿ ಬಿಚ್ಚಿಟ್ಟು, ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ಹಿಚ್‌ಗೆ ಬೀಗ ಹಾಕಿ, ಜೀಪಲ್ಲಿ ಹೋಗಿ. ನಾವು ಕಾರವಾರದ ರವೀಂದ್ರನಾಥ ಠಾಗೋರ್ ಬೀಚು, ಅಲ್ಲಿರೋ ಯುದ್ಧನೌಕೆ ಐಎನ್‌ಎಸ್ ಚಪಲ್, ಸದಾಶಿವಗಡ, ಒಂದು ದಿನ ಗೋಕರ್ಣ ಮಿರ್ಜಾನ್ ಕೋಟೆ ಮಾಡಿದ್ವಿ, ಅಷ್ಟೇ. ಮುರ್ಡೇಶ್ವರದ 123 ಅಡಿ ಶಿವನ್ನ ಬಿಟ್ಟಿದ್ದಕ್ಕೆ ಆಯಿ ಇನ್ನೂ ಮುನಿಸ್ಕೊಂಡಿದ್ದಾರೆ. ಮೊದಲ ಟ್ರಿಪ್ಪಿಗೆ ದಿನಾ ಜಾಗ ಬದಲ್ಸಬೇಡಿ, ಕಟ್ಟೂಕೆ ಬಿಚ್ಚೂಕೆ ಒಂದೊಂದು ಗಂಟೆ ಹೋಗ್ತದೆ.

ವಯಸ್ಸಾದವ್ರನ್ನ ಕರ್ಕೊಂಡು ಹೋಗಬಹುದಾ?

ಆಯಿಗೆ ಅಂತಾನೇ ರೂಮ್ ತಗೊಂಡಿದ್ದು. ಮೊದಲ ದಿನ ಟ್ರೇಲರ್ ಹಾಸಿಗೆ ಮೇಲೆ ಕೂತು ನೋಡಿದವ್ರು "ಇದು ಲಾಯ್ಕಿದ್ದು" ಅಂತ ಮೊಮ್ಮಕ್ಕಳನ್ನ ಎಡ ಬಲ ಹಾಕ್ಕೊಂಡು ಅಲ್ಲೇ ಮಲಗಿದ್ರು, ನಾಲ್ಕೂ ರಾತ್ರಿ. ರೂಮು ನಮಗೆ ಸಿಕ್ತು. ಹತ್ತೂಕೆ ಒಂದು ಗಟ್ಟಿ ಮಣೆ ಮೆಟ್ಟಿಲು, ರಾತ್ರಿಗೆ ಕೈಗೆ ಎಟಕೋ ಲೈಟು, ಇಷ್ಟು ನೋಡ್ಕೊಳ್ಳಿ.

ಡೀಸೆಲ್ ಎಷ್ಟು ಕುಡೀತು?

ಬರೀ ಜೀಪಿಗೆ ಲೀಟರಿಗೆ 14 ಕಿಲೋಮೀಟರ್ ಬರ್ತಿತ್ತು, ಟ್ರೇಲರ್ ಕಟ್ಟಿದ ಮೇಲೆ ಹತ್ತಕ್ಕೆ ಇಳೀತು. ವಾಪಸ್ ಅರಬೈಲ್ ಹತ್ತುವಾಗ ಲೆಕ್ಕ ಹಾಕ್ಲೇ ಇಲ್ಲ, ಎಸಿ ಬಂದ್ ಮಾಡಿ, ಟೆಂಪರೇಚರ್ ಮುಳ್ಳು ನೋಡ್ಕೊಂಡು, ಎರಡು ಕಡೆ ನಿಲ್ಸಿ ಹತ್ತಿದ್ದು.

ಬಂದ ಮೇಲೆ ಎಂತಾದ್ರೂ ಮಾಡುದುಂಟಾ?

ಉಪ್ಪು ಗಾಳಿ ಕಬ್ಬಿಣ ತಿಂತದೆ. ಮನೆ ಮುಟ್ಟಿದ ಮರುದಿನವೇ ಅಡಿಭಾಗ, ಹಿಚ್ಚು, ಚಕ್ರದ ಒಳಬದಿ ಎಲ್ಲಾ ಸಿಹಿನೀರಲ್ಲಿ ತೊಳ್ದು, ಒಣಗ್ಸಿ, ಕೀಲುಗಳಿಗೆ ಗ್ರೀಸ್ ಹಾಕಿ. ಟ್ಯಾಂಕಿನ ನೀರು ಪೂರಾ ಖಾಲಿ ಮಾಡಿ, ಹಾಸಿಗೆ ಬಿಸಿಲಿಗೆ ಹಾಕಿ, ಎಲ್ಲಾ ಮೂಲೆಯಿಂದ ಹೊಯ್ಗೆ ಗುಡಿಸಿ. ನಾನು ಮೂರು ಸಲ ಗುಡಿಸಿದ್ದೇನೆ, ಮೊನ್ನೆ ಭರಣಿ ಮುಚ್ಚಳದ ಒಳಗೂ ಸಿಕ್ತು.